ಹಿಂದಿನ ಬೆಂಚಿನಿಂದ ಒಂದು ಥ್ಯಾಂಕ್ಸ್

ಮೊನ್ನೆ ಭಾನುವಾರ, ಏಳು ತಿಂಗಳ ನಂತರ, ನಮ್ಮ ಚರ್ಚಿನಲ್ಲಿ ಹಾಡಲು ಮತ್ತೆ ಮೈಕ್ ಮುಂದೆ ನಿಂತೆ. ಹಾಡಿದ್ದು ಮೂರೇ ಹಾಡು. ಮೂರನೆಯದರ ಕೊನೆಯ ಚರಣದಲ್ಲಿ ದನಿ ಒಂಚೂರು ಒಡೆಯಿತು. ಯಾರೂ ತಲೆ ಎತ್ತಿ ನೋಡಲಿಲ್ಲ. ಆರಾಧನೆ ಮುಗಿದ ಮೇಲೆ ಒಬ್ಬೊಬ್ಬರ ಕೈ ಹಿಡಿದು ಮಾತಾಡಬೇಕು ಅಂದುಕೊಂಡಿದ್ದೆ. ಆದರೆ ಗಂಟಲು ದಣಿಯದಂತೆ ಆ ದಿನಕ್ಕೆ ನನಗೆ ಕೊಟ್ಟಿದ್ದ ಮಾತಿನ ಲೆಕ್ಕ ಅಷ್ಟರಲ್ಲೇ ಮುಗಿದಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಏನಾಯಿತು ಅಂತ ಎಲ್ಲರಿಗೂ ಪೂರ್ತಿ ಗೊತ್ತಿಲ್ಲ. ಕಳೆದ ಡಿಸೆಂಬರಿನಲ್ಲಿ ಕ್ಯಾರಲ್ಸ್‌ಗೆ, ಅಂದರೆ ಕ್ರಿಸ್‌ಮಸ್ ಹಾಡು ಹಾಡಲು, ಮನೆ ಮನೆ ಸುತ್ತಿದೆವು. ಹಾಸನದ ಡಿಸೆಂಬರ್ ಚಳಿ, ರಾತ್ರಿ ಹನ್ನೆರಡರ ಮಂಜು. ಪ್ರತಿ ಮನೆಯಲ್ಲೂ ಕೇಕು, ಕರ್ಜಿಕಾಯಿ, ಬಿಸಿ ಕಾಫಿ, ಮತ್ತೆ ಹೊರಗೆ ಬಂದು ಕೂಗಿ ಹಾಡೋದು. ಬೆಳಗಾದರೆ ಶಾಲೆ, ಮೂರನೇ ಕ್ಲಾಸಿನ ಮಕ್ಕಳು, ಮತ್ತೆ ಕೂಗು. ಜನವರಿಯಲ್ಲೇ ಗಂಟಲು ಕಟ್ಟಿತ್ತು. ಬಿಸಿನೀರು, ಶುಂಠಿ, ಜೇನುತುಪ್ಪ ಅಂತ ತಳ್ಳಿದೆ. ಶುಭ ಶುಕ್ರವಾರ ಹನ್ನೆರಡರಿಂದ ಮೂರರವರೆಗಿನ ಆರಾಧನೆಯಲ್ಲಿ, ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳಲ್ಲಿ ಆರನೆಯದು ಮುಗಿದು ಹಾಡು ಎತ್ತಬೇಕು. ಬಾಯಿ ತೆರೆದೆ. ಗಾಳಿ ಬಂತು, ದನಿ ಬರಲಿಲ್ಲ.

ಗಂಟಲಿಗೆ ಕ್ಯಾಮೆರಾ ಹಾಕಿ ನೋಡಿದಾಗ ಧ್ವನಿತಂತುಗಳ ಮೇಲೆ ಎರಡು ಪುಟ್ಟ ಗಂಟು ಕಂಡವು. ಗುದ್ದಲಿ ಹಿಡಿಯುವವರ ಅಂಗೈ ಜಡ್ಡುಗಟ್ಟುತ್ತದಲ್ಲ, ಹಾಗೇ. ಬಲ ಹಾಕಿ ಉಜ್ಜಿ ಉಜ್ಜಿ ಬಂದದ್ದು. ಆಪರೇಷನ್ ಬೇಡ, ಮೊದಲು ಹತ್ತು ದಿನ ಪೂರ್ತಿ ಮೌನ, ಆಮೇಲೆ ಥೆರಪಿ ಅಂದರು. ಪಿಸುಗುಟ್ಟೋದೂ ಬೇಡ, ಅದರಿಂದಲೂ ಗಂಟಲಿಗೆ ಶ್ರಮ ಅಂದಾಗ ನಿಜವಾಗಿ ಹೆದರಿದೆ.

ಮಗಳ ಹಳೇ ಸ್ಲೇಟು ಹುಡುಕಿ ತೆಗೆದೆವು. ಲೂಕನ ಸುವಾರ್ತೆಯ ಜಕರೀಯ ನನಗೆ ಹತ್ತಿರವಾದದ್ದು ಆಗಲೇ. ದೇವದೂತನ ಮಾತು ನಂಬದೆ ಮೂಕನಾದ ಮುದುಕ, ಮಗ ಹುಟ್ಟಿದಾಗ ಹಲಗೆ ತರಿಸಿ 'ಅವನ ಹೆಸರು ಯೋಹಾನ' ಅಂತ ಬರೆದವನು. ಅಲ್ಲೇ ಒಂದು ಸಣ್ಣ ವಿಷಯ ಇದೆ, ಇಷ್ಟು ವರ್ಷ ನಾನು ಗಮನಿಸಿರಲಿಲ್ಲ. ಮಗುವಿಗೆ ಏನು ಹೆಸರಿಡಬೇಕು ಅಂತ ಜನ ಅವನನ್ನು ಸನ್ನೆ ಮಾಡಿ ಕೇಳಿದರಂತೆ. ಅವನಿಗೆ ಕಿವಿಯೂ ಕೇಳುತ್ತಿರಲಿಲ್ಲವೇನೋ ಅಂತ ಕೆಲವರು ಅರ್ಥ ಹೇಳುತ್ತಾರೆ. ನನಗೆ ಹಾಗನ್ನಿಸಲ್ಲ. ನನ್ನ ಕಿವಿ ಚೆನ್ನಾಗಿತ್ತು. ಆದರೂ ಪಕ್ಕದ ಮನೆಯ ಆಂಟಿ ಹತ್ತು ದಿನವೂ ನನ್ನ ಹತ್ತಿರ ಕೈ ಆಡಿಸಿಯೇ ಮಾತಾಡಿದರು. ಅಂಗಡಿಯವರು ಕಿರುಚುತ್ತಿದ್ದರು. ಮನುಷ್ಯರು ಎರಡು ಸಾವಿರ ವರ್ಷದಿಂದ ಹೀಗೇ, ಅಲ್ವಾ?

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಥೆರಪಿಸ್ಟ್ ಮೇಡಂಗೆ ಮೊದಲ ಥ್ಯಾಂಕ್ಸ್. ಹದಿನೈದು ದಿನಕ್ಕೊಮ್ಮೆ ಹೊಳೆನರಸೀಪುರ, ಕೆ.ಆರ್. ನಗರ ದಾಟಿ ಹೋಗುವ ರೈಲು ಹತ್ತುತ್ತಿದ್ದೆ. ಲೋಟದ ನೀರಿಗೆ ಸ್ಟ್ರಾ ಹಾಕಿ ಗುಳುಗುಳು ಊದುತ್ತಾ ಸ್ವರ ಹಿಡಿಯೋದು ಮೊದಲ ಪಾಠ. ನಲವತ್ತಮೂರು ವರ್ಷದ ಮೇಷ್ಟ್ರು ಬೆಳಗ್ಗೆ ಐದು ನಿಮಿಷ, ಸಂಜೆ ಐದು ನಿಮಿಷ ಎಮ್ಮೆ ನೀರು ಕುಡಿದ ಹಾಗೆ ಸದ್ದು ಮಾಡೋದನ್ನು ನೋಡಿ ಮಕ್ಕಳು ಬಿದ್ದು ಬಿದ್ದು ನಕ್ಕವು. 'ನೀವು ಹಾಡುತ್ತಿಲ್ಲ ಸಾರ್, ತಳ್ಳುತ್ತಿದ್ದೀರಿ' ಅಂತ ಒಂದು ದಿನ ಮೇಡಂ ಹೇಳಿದರು. ಗಂಟಲಿನ ಬಗ್ಗೆ ಹೇಳಿದ್ದು. ನನಗೆ ಬೇರೆ ಎಲ್ಲೋ ತಾಕಿತು.

ಶಾಲೆಯಲ್ಲಿ ನನ್ನ ಕ್ಲಾಸು ಹಂಚಿಕೊಂಡ ಮೇಷ್ಟ್ರುಗಳಿಗೆ, ಟೀಚರುಗಳಿಗೆ ಥ್ಯಾಂಕ್ಸ್. ನಮ್ಮ ಮನೆಯವಳಿಗೆ ಇಲ್ಲಿ ಹೇಳಿದರೆ ಬೈಗುಳ ಗ್ಯಾರಂಟಿ, ಬಿಡಿ.

ಒಂದಷ್ಟು ಜನರಿಗೆ ಮಾತ್ರ ಥ್ಯಾಂಕ್ಸ್ ಹೇಳಲ್ಲ. ಮನೆಗೆ ಬಂದು, ಕಾಫಿ ಕುಡಿದು, 'ಏನಾದರೂ ಮರೆಮಾಡಿದ ಪಾಪ ಇದೆಯಾ, ಅರಿಕೆ ಮಾಡಿ' ಅಂದವರಿಗೆ. ಪಾಪ ಬೇಕಾದಷ್ಟಿದೆ, ಆ ಮಾತು ಬೇರೆ. ಆದರೆ ಹುಟ್ಟುಕುರುಡನನ್ನು ತೋರಿಸಿ ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಯೋ ಅಂತ ಶಿಷ್ಯರು ಕೇಳಿದಾಗ ಯೇಸು ಕೊಟ್ಟ ಉತ್ತರ ಯೋಹಾನ 9ರಲ್ಲಿ ಇದೆ. ಸುಮ್ನೆ ಒಂದು ಸಲ ಓದಿ.

ನಮ್ಮ ಪಾಸ್ಟರ್ ಅಯ್ಯನವರಿಗೆ ದೊಡ್ಡ ಕೃತಜ್ಞತೆ. ಹಾಡಲಾಗದ ಹಾಡುಗಾರನನ್ನು ಏನು ಮಾಡೋದು? ಅವರು ನನ್ನನ್ನು ಹಿಂದಿನ ಬೆಂಚಿಗೆ ಕಳಿಸಿದರು. ಪ್ರೊಜೆಕ್ಟರಿನಲ್ಲಿ ಹಾಡಿನ ಸಾಲು ಬದಲಿಸುವ ಕೆಲಸ. ಮೊದಲ ವಾರ ಅವಮಾನ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ಹದಿನಾಲ್ಕು ವರ್ಷ ನಾನು ಮುಂದೆ ನಿಂತವನು. ಕಾಲ ಬಳಿ ಮಾನಿಟರ್ ಸ್ಪೀಕರ್, ಅದರಲ್ಲಿ ನನ್ನದೇ ದನಿ. ಸಭೆ ಹಾಡುತ್ತಿದೆ ಅಂತಲೇ ತಿಳಿದಿದ್ದೆ. ಹಿಂದೆ ಕೂತು ಕೇಳಿದರೆ, ಕೊನೆಯ ನಾಲ್ಕು ಸಾಲು ಬೆಂಚು ಹೆಚ್ಚು ಕಡಿಮೆ ಮೌನ. ಗಂಡಸರು ಪಲ್ಲವಿಗೆ ಬಾಯಿ ಆಡಿಸುತ್ತಾರೆ, ಅನುಪಲ್ಲವಿ ಮೇಲೇರುತ್ತಿದ್ದಂತೆ ನಿಲ್ಲಿಸುತ್ತಾರೆ. ವಯಸ್ಸಾದ ಅಮ್ಮಂದಿರು ಪುಸ್ತಕ ನೋಡುತ್ತಾ ಕೂರುತ್ತಾರೆ. ಇವರಿಗೆ ಭಕ್ತಿ ಕಡಿಮೆ ಅಂತ ನಾನೇ ಎಷ್ಟೋ ಸಲ ಮೈಕಿನಲ್ಲಿ 'ಇನ್ನೂ ಜೋರಾಗಿ, ಕರ್ತನಿಗೆ ಕೇಳಿಸಲಿ' ಅಂದಿದ್ದೇನೆ. ಈಗ ನೆನೆದರೆ ಮೈ ಹಿಡಿಯಾಗುತ್ತದೆ.

ನಾನು ಮುಂದೆ ನಿಲ್ಲದ ಎರಡನೇ ಭಾನುವಾರ ಕೀಬೋರ್ಡ್ ಹುಡುಗನಿಗೆ ಜ್ವರ. ಹಾಡು ಎತ್ತುವವರಿಲ್ಲ. ಆಗ ಮೂರನೇ ಸಾಲಿನ ಬೆಂಚಿನಿಂದ ದೊಡ್ಡಮ್ಮ, ನಿವೃತ್ತ ನರ್ಸ್, ಎಪ್ಪತ್ತು ದಾಟಿದವರು, ಕೂತಲ್ಲೇ ಒಂದು ಹಳೇ ಕನ್ನಡ ಕೀರ್ತನೆ ಶುರು ಮಾಡಿದರು. ಅವರ ಶ್ರುತಿ ನನ್ನದಕ್ಕಿಂತ ತುಂಬಾ ಕೆಳಗೆ. ತಾಳ ನಿಧಾನ. ಹಾಡಿನ ಎರಡನೇ ಸಾಲಿಗೆ ನನ್ನ ಪಕ್ಕದಲ್ಲಿ ಒಂದು ಗಡಸು ದನಿ ಎದ್ದಿತು. ತಿರುಗಿ ನೋಡಿದೆ. ಸಕಲೇಶಪುರದ ಕಡೆ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು, ಆಗಿರುವ ಅಣ್ಣ. ಅವರು ಹಾಡೋದನ್ನು ನಾನು ಆವತ್ತಿನವರೆಗೆ ಕೇಳಿಯೇ ಇರಲಿಲ್ಲ. ಅವರಿಗೆ ಹಾಡು ಬಾಯಿಪಾಠ ಬರುತ್ತಿತ್ತು, ಐದು ಚರಣವೂ.

ಮನೆಗೆ ಹೋಗಿ ಹಾಡಿನ ಫೈಲ್ ತೆಗೆದೆ. ಮುಕ್ಕಾಲು ಹಾಡಿಗೆ ನಾನು ಇಟ್ಟಿದ್ದ ಸ್ಕೇಲ್ ನನ್ನ ಗಂಟಲು ಹೊಳೆಯುವ ಜಾಗ. ಹಾಡುಗಳು ಮೇಲಿನ ಎಫ್, ಜಿ ಸ್ವರ ಮುಟ್ಟುತ್ತವೆ. ಗದ್ದೆ, ತೋಟ, ಆಫೀಸು ಅಂತ ವಾರವಿಡೀ ದುಡಿದು ಬೆಳಗ್ಗೆ ಒಂಬತ್ತಕ್ಕೆ ಬಂದು ಕೂತವರ ಗಂಟಲು ಅದಕ್ಕಿಂತ ಕೆಳಗಿನ ಡಿ ದಾಟಿದರೇ ಒದ್ದಾಡುತ್ತದೆ. ಅಂದರೆ ನನ್ನ ಗಂಟಲಿಗೆ ಗಂಟು ತಂದ ಶ್ರುತಿಯೇ ಅವರ ಬಾಯಿ ಮುಚ್ಚಿಸಿತ್ತು.

ಇನ್ನೊಂದು ವಿಷಯವನ್ನೂ ಹಿಂದಿನ ಬೆಂಚೇ ಕಲಿಸಿತು. ಇಂಗ್ಲಿಷ್ ರಾಗಕ್ಕೆ ಕೂರಿಸಿದ ನಮ್ಮ ಕೆಲವು ಗೀತೆಗಳಲ್ಲಿ ಹ್ರಸ್ವ ಇರುವ ಕಡೆ ರಾಗ ಎಳೆಯುತ್ತದೆ, ದೀರ್ಘ ಇರುವ ಕಡೆ ಓಡುತ್ತದೆ. 'ಕರುಣೆ' ಹೋಗಿ 'ಕರೂಊಣೆ' ಆಗುತ್ತದೆ. ಕ್ವಯರಿನವರಿಗೆ ಅಭ್ಯಾಸ, ಹೊಸದಾಗಿ ಬಂದವರು ಮುಗ್ಗರಿಸುತ್ತಾರೆ. ಇದು ಹೊಸ ಚಿಂತೆ ಏನಲ್ಲ. 1894ರಲ್ಲಿ ನಿಘಂಟು ಕೊಟ್ಟ ಕಿಟ್ಟೆಲ್, ಅದಕ್ಕೂ ಎಷ್ಟೋ ಮೊದಲು, 1862ರಲ್ಲೇ, ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲೇ ಪದ್ಯ ಮಾಡಿದ್ದರು. ಜರ್ಮನಿಯವರಿಗೆ ಹೊಳೆದದ್ದು ಹಾಸನದವನಿಗೆ ಹೊಳೆಯಲು ಗಂಟಲು ಹೋಗಬೇಕಾಯಿತು. ಹಾಗಂತ ಇಂಗ್ಲಿಷ್ ರಾಗ ಬೇಡ ಅನ್ನುತ್ತಿಲ್ಲ. ಕೆಲವಂತೂ ನನಗೆ ಪ್ರಾಣ.

ಮೇ ತಿಂಗಳಲ್ಲಿ ಯುವಜನರು ನನ್ನನ್ನೂ ಶೆಟ್ಟಿಹಳ್ಳಿಗೆ ಕರೆದುಕೊಂಡು ಹೋದರು. 1860ರ ಸುಮಾರಿಗೆ ಫ್ರೆಂಚ್ ಮಿಷನರಿಗಳು ಕಟ್ಟಿದ ಚರ್ಚು. ಗೊರೂರಿನ ಹೇಮಾವತಿ ಅಣೆಕಟ್ಟು ಬಂದ ಮೇಲೆ ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಮತ್ತೆ ನೆಲ ಕಾಣುತ್ತದೆ. ಇದನ್ನು ನನ್ನ ಗಂಟಲಿಗೆ ಹೋಲಿಸಿ ಉಪದೇಶ ಮಾಡೋದು ಸುಲಭ, ಮಾಡಲ್ಲ. ಸೂರಿಲ್ಲದ ಗೋಡೆಗಳ ನಡುವೆ ಹುಡುಗರು ಹಾಡಿದರು. ನಾನು ಕಲ್ಲಿನ ಮೇಲೆ ಕೂತು ಬೈಬಲ್ ತೆರೆದೆ. ಚೆಫನ್ಯ 3ರ 17ನೇ ವಚನ. ದೇವರು ತನ್ನ ಜನರ ಬಗ್ಗೆ ಆನಂದಿಸಿ ಹರ್ಷಧ್ವನಿ ಮಾಡುತ್ತಾನೆ ಅನ್ನುವ ಮಾತು. ಇದನ್ನು ಎಷ್ಟೋ ಸಲ ಮೈಕಿನಲ್ಲಿ ಓದಿದ್ದೆ. ಆದರೆ ಅದೇ ವಚನದಲ್ಲಿ, ಆ ಹರ್ಷಧ್ವನಿಗೂ ಮೊದಲು, ಆತ ತನ್ನ ಪ್ರೀತಿಯಲ್ಲಿ ಮೌನವಾಗಿರುತ್ತಾನೆ ಅಂತ ಇದೆ. ಆ ಸಾಲನ್ನು ಪ್ರತಿ ಸಲವೂ ಓಡಿಸಿಬಿಟ್ಟಿದ್ದೆ. ಹಾಡಿಗೆ ತಡವಾಗುತ್ತದಲ್ಲ!

ದೊಡ್ಡಮ್ಮನಿಗೆ ಥ್ಯಾಂಕ್ಸ್ ಹೇಳಲು ಹೋದಾಗ ಅವರು, 'ನೀನು ಏರಿಸೋ ಹಾಡಿಗೆ ನನ್ನ ಉಸಿರು ಸಾಕಾಗಲ್ಲ ಕಣಪ್ಪಾ, ಅದಕ್ಕೆ ಕಣ್ಣು ಮುಚ್ಚಿ ಕೂರ್ತಿದ್ದೆ' ಅಂದರು. ಅವರು ಧ್ಯಾನದಲ್ಲಿದ್ದಾರೆ ಅಂತ ನಾನು ಅಷ್ಟು ವರ್ಷ ಎಲ್ಲರ ಹತ್ತಿರ ಹೊಗಳಿದ್ದೆ.

ಮೊನ್ನೆ ಮೊದಲ ಹಾಡನ್ನು ನಾನು ಎತ್ತಲಿಲ್ಲ, ಅವರು ಎತ್ತಿದರು. ನಾನು ಎರಡನೇ ಸಾಲಿಗೆ ಸೇರಿಕೊಂಡೆ. ಮಾನಿಟರ್ ಆಫ್ ಮಾಡಿಸಿದ್ದೆ. ತೋಟದ ಅಣ್ಣನ ದನಿ ಹಿಂದಿನಿಂದ ಸ್ಟೇಜಿನವರೆಗೂ ಬಂತು. ಸ್ವಲ್ಪ ಅಪಸ್ವರ ಇತ್ತು. ಇರಲಿ.

ಇನ್ನೇನು ಕ್ಯಾರಲ್ಸ್ ಬಂತು. ಬರುತ್ತೇನೆ. ಮಫ್ಲರ್ ಸುತ್ತಿಕೊಂಡು ಗಿಟಾರ್ ಹಿಡಿಯುತ್ತೇನೆ, ಹಾಡಲ್ಲ. ಕರ್ಜಿಕಾಯಿ ಮಾತ್ರ ಬಿಡಲ್ಲ. ಶನಿವಾರ ಸಂಜೆ ಆರಕ್ಕೆ ಪ್ರಾಕ್ಟೀಸ್, ಎಲ್ಲರೂ ಬನ್ನಿ, ಹಾಡಲು ಬರಲ್ಲ ಅನ್ನುವವರು ಮೊದಲು ಬನ್ನಿ. ಕೀಬೋರ್ಡ್ ತಮ್ಮಾ, ಶ್ರುತಿ ಏರಿಳಿಸುವ ಟ್ರಾನ್ಸ್‌ಪೋಸ್ ಬಟನ್ ಮೈನಸ್ ಮೂರರಲ್ಲೇ ಇರಲಿ. ನಾನೇ ಬಂದು ಏರಿಸು ಅಂದರೂ ಏರಿಸಬೇಡ.