ಚುಕ್ಕಿ ಮುಂದೆ ಹೋಗಿದೆ ಅಂದವರಿಗೆ

ತಲುಪಿದೆ. ಜನವರಿ 4ರ ಬೆಳಿಗ್ಗೆ, ಬನದ ಹುಣ್ಣಿಮೆಯ ಮರುದಿನ, ನಮ್ಮ ಹಾಯಿದೋಣಿ ಕೆರಿಬಿಯನ್‌ನ ಬಾರ್ಬಡೋಸ್ ದ್ವೀಪದ ಕಾರ್ಲೈಲ್ ಕೊಲ್ಲಿಯಲ್ಲಿ ಲಂಗರು ಹಾಕಿತು. ಆಫ್ರಿಕಾದ ಪಶ್ಚಿಮಕ್ಕಿರುವ ದ್ವೀಪದೇಶ ಕೇಪ್ ವರ್ಡೆಯ ಮಿಂಡೆಲೊ ಬಂದರು ಬಿಟ್ಟಿದ್ದು ಡಿಸೆಂಬರ್ 18ಕ್ಕೆ. 17 ದಿನ, 2,000 ನಾಟಿಕಲ್ ಮೈಲಿಗೂ ಸ್ವಲ್ಪ ಜಾಸ್ತಿ. ನಮ್ಮ ಲೆಕ್ಕದಲ್ಲಿ ಹತ್ತಿರಹತ್ತಿರ 3,800 ಕಿಲೋಮೀಟರ್. ಅಟ್ಲಾಂಟಿಕ್‌ನ ನಟ್ಟನಡುವೆ ನಾವು ನಾಲ್ಕೇ ಜನ.

ಮೊದಲ ಕೃತಜ್ಞತೆ ನಮ್ಮೂರ ಅಂಗಡಿಮನೆಯ ಹುಡುಗನಿಗೆ. ಶರಾವತಿ ಹಿನ್ನೀರಿನ ತುಮರಿ ಕಡೆ ನೆಟ್‌ವರ್ಕ್ ಹೇಗಿದೆ ಅಂತ ಗೊತ್ತಿದ್ದವರಿಗೆ ಇದರ ಬೆಲೆ ಗೊತ್ತಾಗುತ್ತದೆ. ದೋಣಿಯಲ್ಲಿದ್ದ ಉಪಗ್ರಹ ಯಂತ್ರ ನಾವು ಎಲ್ಲಿದ್ದೇವೆ ಅಂತ ಆರು ಗಂಟೆಗೊಮ್ಮೆ ನಕ್ಷೆಯ ಮೇಲೆ ಒಂದು ಚುಕ್ಕಿ ಇಡುತ್ತಿತ್ತು. ಆ ಚುಕ್ಕಿ ನೋಡಲು ಅವನು ದಿನಾ ಸಂಜೆ ಗುಡ್ಡ ಹತ್ತುತ್ತಿದ್ದ. ಇಳಿದು ಬಂದು, ಅಡಿಕೆ ಸುಲಿಯುತ್ತ ಕೂತಿದ್ದ ಅಮ್ಮನಿಗೆ "ಚುಕ್ಕಿ ಮುಂದೆ ಹೋಗಿದೆ ಅತ್ತೆ" ಅನ್ನುತ್ತಿದ್ದ. ಮೆಟ್ಟುಗತ್ತಿ ಹಿಡಿದು ಕೂತ ಹೆಂಗಸರೆಲ್ಲ ಒಂದು ಗಳಿಗೆ ಕೈ ನಿಲ್ಲಿಸಿ ಕೇಳುತ್ತಿದ್ದರಂತೆ. ಒಂದು ದಿನ ಯಂತ್ರ ಕೆಟ್ಟು ಚುಕ್ಕಿ ಬರಲೇ ಇಲ್ಲ. ಅವತ್ತು ಅವನು ರಾತ್ರಿ ಹತ್ತರವರೆಗೂ ಗುಡ್ಡದ ಮೇಲೇ ಕೂತಿದ್ದ. ಇದನ್ನು ಅಮ್ಮ ಹೇಳಿದ್ದು ನಿನ್ನೆ. ಕೇಳಿದಾಗಿನಿಂದ ಅದೇ ಮನಸ್ಸಿನಲ್ಲಿದೆ.

ಅಪ್ಪ, ನಿಮಗೆ. ದರ ಏರಲಿ ಅಂತ ಕೂಡಿಟ್ಟ ರಾಶಿ ಅಡಿಕೆ ಮಾರಿ ಟಿಕೆಟ್‌ಗೆ ಕೊಟ್ಟಿರಿ. ಹೆಣ್ಣುಮಗಳು ಸಮುದ್ರಕ್ಕೆ ಯಾಕೆ ಅಂತ ನೆಂಟರು ಕೇಳಿದಾಗ ನೌಕಾಪಡೆಯ ಆರು ಹೆಣ್ಣುಮಕ್ಕಳ ಸುದ್ದಿ ತೆಗೆದಿರಿ. 2017ರಲ್ಲಿ ಗೋವಾದಿಂದ ತಾರಿಣಿ ಹಾಯಿದೋಣಿಯಲ್ಲಿ ಹೊರಟು, ಭೂಮಿ ಸುತ್ತಿ, 2018ರ ಮೇ ತಿಂಗಳಲ್ಲಿ ವಾಪಸ್ ಬಂದವರು. ಅವರಿಗೂ ನನ್ನ ನಮಸ್ಕಾರ.

ಇನ್ನು ಹೊಳೆಬಾಗಿಲಿನ ತೆಪ್ಪದಜ್ಜನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ವಾಣಿಜ್ಯ ಮಾರುತ ಅಂತ ಶಾಲೆಯಲ್ಲಿ ಓದಿದ್ದೇವೆ ಅಲ್ವಾ, ನಮ್ಮನ್ನು ದಾಟಿಸಿದ್ದು ಅದೇ ಗಾಳಿ. ಈಶಾನ್ಯದಿಂದ ಹಗಲೂ ರಾತ್ರಿ ಬೀಸಿ ಬೆನ್ನ ಹಿಂದಿನಿಂದ ದೂಡುತ್ತದೆ. ಹಾಗಂತ ಸುಮ್ನೆ ಕೂತು ಬರುವ ಹಾಗಿಲ್ಲ. ಅಲೆ ಹಿಂದಿನಿಂದ ಬಂದಾಗ ದೋಣಿ ಎಡಕ್ಕೂ ಬಲಕ್ಕೂ ತೊನೆಯುತ್ತಲೇ ಇರುತ್ತದೆ. ಮಲಗಿದರೂ ಮೈ ಉರುಳುತ್ತದೆ. ಆರನೇ ದಿನ, ಚುಕ್ಕಾಣಿಯನ್ನು ತಾನಾಗೇ ನಡೆಸುವ ಆಟೋಪೈಲಟ್ ಯಂತ್ರ ನಿಂತುಹೋಯಿತು. ಹೊರಡುವ ಮುಂಚೆ ತಾನೇ ರಿಪೇರಿ ಮಾಡಿಸಿದ್ದು. ಅಲ್ಲಿಂದ ಕೊನೆಯವರೆಗೂ ಚುಕ್ಕಾಣಿ ನಮ್ಮ ಕೈಯಲ್ಲೇ. ಎರಡು ಗಂಟೆಯ ಪಾಳಿ, ಆರು ಗಂಟೆ ಬಿಡುವು, ಮತ್ತೆ ಪಾಳಿ.

ಅವತ್ತೇ ರಾತ್ರಿ ನನ್ನ ಪಾಳಿ. ಚಂದ್ರ ಮುಳುಗಿದ್ದ. ಹಿಂದೆ ತಿರುಗಿ ನೋಡಿದರೆ ದಿಗಂತದ ಹತ್ತಿರದ ನಕ್ಷತ್ರಗಳು ಒಂದೊಂದಾಗಿ ಆರುತ್ತಿದ್ದವು. ತಣ್ಣನೆ ಗಾಳಿ ಕುತ್ತಿಗೆಗೆ ತಾಗಿತು. ಚಿಕ್ಕವಳಿದ್ದಾಗ ಶರಾವತಿ ಹಿನ್ನೀರಿನಲ್ಲಿ ತೆಪ್ಪ ಹತ್ತಿಸಿಕೊಂಡು ಅಜ್ಜ ಹೇಳುತ್ತಿದ್ದ ಮಾತು ನೆನಪಾಯಿತು: "ಎದುರಿಗೆ ಮಾತ್ರ ಅಲ್ಲ ತಂಗೀ, ಬೆನ್ನ ಹಿಂದೂ ನೋಡ್ತಿರು. ನೀರು ಕಪ್ಪಾಗಿ ಓಡಿ ಬಂತು ಅಂದ್ರೆ ಗಾಳಿ ಬಂತು ಅಂತ್ಲೇ." ಕೂಗಿ ಕ್ಯಾಪ್ಟನ್‌ರನ್ನು ಎಬ್ಬಿಸಿದೆ. ಹಾಯಿ ಸುತ್ತಿ ಕಿರಿದು ಮಾಡಿ ಮುಗಿಸುವುದಕ್ಕೂ ಗಾಳಿಮಳೆ ಮೇಲೆ ಬೀಳುವುದಕ್ಕೂ ಸರಿಹೋಯಿತು. ದೊಡ್ಡ ಹಾಯಿ ಹಾಗೇ ಬಿಚ್ಚಿಕೊಂಡಿದ್ದರೆ ಹರಿದು ಹೋಗುತ್ತಿತ್ತು.

ಅಜ್ಜ ಸಮುದ್ರ ನೋಡಿದವರಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ಅವರ ಮನೆ, ತೋಟ ಮುಳುಗಿದ ಮೇಲೆ ನೀರಿನ ಜೊತೆಗೇ ಬದುಕಿದವರು. ಈಗ ಸೇತುವೆಯೂ ಬಂದಿದೆ, ತೆಪ್ಪ ಹತ್ತುವವರೇ ಇಲ್ಲ. ಅಜ್ಜಾ, ನೀವು ಕಲಿಸಿದ್ದು ಅಲ್ಲಿ ನಾಲ್ಕು ಜನರನ್ನು ಕಾಯಿತು.

ಮಳೆ ಕಳೆದ ಮೇಲೆ ಬಲಗಡೆ ಧ್ರುವ ನಕ್ಷತ್ರ ಕಂಡಿತು. ಕೈ ಚಾಚಿ ಅಳೆದೆ, ನೀರಿನಿಂದ ಒಂದೂವರೆ ಮುಷ್ಟಿ ಎತ್ತರ, ಅಂದರೆ ಸುಮಾರು 15 ಡಿಗ್ರಿ. ನಾವಿರುವ ಅಕ್ಷಾಂಶ ಎಷ್ಟೋ ಈ ನಕ್ಷತ್ರ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಎತ್ತರಕ್ಕೆ ಕಾಣುತ್ತದೆ. ನಮ್ಮ ದಾರಿ ಇದ್ದದ್ದು 17 ಡಿಗ್ರಿಯಿಂದ 13 ಡಿಗ್ರಿ ಉತ್ತರ ಅಕ್ಷಾಂಶದ ನಡುವೆ. ಶಿವಮೊಗ್ಗ 14ರ ಹತ್ತಿರ. ಅಂದರೆ ಅಡಿಕೆ ಅಟ್ಟದ ಮೇಲೆ ನಿಂತು ನೋಡಿದರೆ ಎಷ್ಟು ಎತ್ತರಕ್ಕೆ ಕಾಣುತ್ತದೋ ಹೆಚ್ಚುಕಡಿಮೆ ಅಷ್ಟೇ. ಆಮೇಲೆ ನನಗೆ ಭಯ ಆಗಲಿಲ್ಲ. ಪ್ರತಿ ರಾತ್ರಿ ಪಾಳಿಗೆ ಬಂದವಳೇ ಮೊದಲು ಅದನ್ನು ಹುಡುಕುತ್ತಿದ್ದೆ.

ಕ್ಯಾಪ್ಟನ್ ದಂಪತಿಗೆ ಕನ್ನಡ ಬರುವುದಿಲ್ಲ. ಆದರೂ ಬರೆಯುತ್ತೇನೆ. ಗೋವಾದಲ್ಲಿ ಹಾಯಿ ಕಟ್ಟಲು ಕಲಿಯುತ್ತಿದ್ದ ನನ್ನನ್ನು ನಂಬಿ ಕರೆದುಕೊಂಡು ಹೋದರು. ನಡುರಾತ್ರಿ ದೋಣಿಯನ್ನು ನನ್ನ ಕೈಗೆ ಬಿಟ್ಟು ನಿದ್ದೆ ಮಾಡಿದರು. ಅದಕ್ಕಿಂತ ದೊಡ್ಡ ನಂಬಿಕೆ ನನಗೆ ಗೊತ್ತಿಲ್ಲ.

ದೊಡ್ಡಮ್ಮ, ನಿಮ್ಮ ಅಪ್ಪೆಮಿಡಿ ಉಪ್ಪಿನಕಾಯಿ 13ನೇ ದಿನ ಖಾಲಿಯಾಯಿತು. ತರಕಾರಿ ಮುಗಿದು ಬರೀ ಅನ್ನ, ಬೇಳೆ ಉಳಿದಾಗ ನಾಲ್ಕೂ ಜನ ಅದರ ರಸಕ್ಕೆ ಕಾಯುತ್ತಿದ್ದೆವು. ಡಬ್ಬಿ ತೊಳೆದು ಇಟ್ಟುಕೊಂಡಿದ್ದೇನೆ. ಈ ವರ್ಷದ ಮಿಡಿ ಕೊಯ್ಯುವ ಮುಂಚೆ ಬಂದು ವಾಪಸ್ ಕೊಡುತ್ತೇನೆ.