ಲೆನ್ಸ್ ಬದಲಿಸುವ ಮುಂಚೆ

ಪ್ರೀತಿಯ ಪುಟ್ಟಿ,

ಕಬಿನಿ ಸಫಾರಿಯ ಫೋಟೋಗಳನ್ನೆಲ್ಲ ನೋಡಿದೆ. ಜೊತೆಗೆ ನೀನು ಬರೆದದ್ದನ್ನೂ ಓದಿದೆ: "ಈ ಲೆನ್ಸೇ ಸರಿಯಿಲ್ಲಮ್ಮ, ಒಂದೂ ಶಾರ್ಪ್ ಬಂದಿಲ್ಲ. ಮಾರಿಬಿಟ್ಟು ದೊಡ್ಡ ಪ್ರೈಮ್ ಲೆನ್ಸ್ ತೆಗೆದುಕೊಳ್ಳುತ್ತೇನೆ, ಇಎಂಐ ಸಿಗುತ್ತದೆ." ಸಿಗದೆ ಏನು! ಜೂಮ್ ಇಲ್ಲದ, ಕಾರಿನ ಬೆಲೆಯ ಲೆನ್ಸ್ ಅದು, ಕಾರಿಗೆ ಕೊಡುವವರು ಅದಕ್ಕೂ ಕೊಡುತ್ತಾರೆ. ಆದರೆ ದುಡ್ಡು ಸುರಿಯುವ ಮುಂಚೆ ಇದನ್ನು ಪೂರ್ತಿ ಓದು. ನೀನು ಕಳಿಸಿದ್ದರಲ್ಲಿ ನಾಲ್ಕು ಫೋಟೋ ಆರಿಸಿಕೊಂಡು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದೆ. ನಾಲ್ಕೂ ಮಬ್ಬಾಗಿವೆ, ನಿಜ. ಆದರೆ ನಾಲ್ಕಕ್ಕೂ ಕಾರಣ ಬೇರೆ ಬೇರೆ. ಲೆನ್ಸ್ ಮಾತ್ರ ಯಾವುದಕ್ಕೂ ಕಾರಣವಲ್ಲ.

ಸೀಳುನಾಯಿಯ ಫೋಟೋ ತೆಗೆದುಕೋ. ಅದರ ಕಣ್ಣು ಮಬ್ಬು, ಕಿವಿ ಮಬ್ಬು. ಆದರೆ ಅದಕ್ಕಿಂತ ಒಂದು ಮಾರು ಮುಂದೆ ಇರುವ ಹುಲ್ಲು ನೋಡು, ಒಂದೊಂದು ಎಸಳೂ ಎಣಿಸುವಷ್ಟು ಚೆನ್ನಾಗಿದೆ. ಕೈ ನಡುಗಿಲ್ಲ, ಲೆನ್ಸೂ ಚೆನ್ನಾಗಿದೆ. ಫೋಕಸ್ ಹೋಗಿ ಹುಲ್ಲಿನ ಮೇಲೆ ಕೂತಿದೆ, ಅಷ್ಟೇ.

ಕಾಟಿಯದು, ಅಂದರೆ ಆ ಕಾಡೆಮ್ಮೆಯದು, ಹಾಗಲ್ಲ. ಅದರಲ್ಲಿ ಕೊಂಬು, ಹಿಂದಿನ ತೇಗದ ಮರ, ಕೆಳಗಿನ ಎಲೆ ಎಲ್ಲವೂ ಒಂದೇ ದಿಕ್ಕಿಗೆ ಎಳೆದುಕೊಂಡಿವೆ. ಎಲೆಯ ಮೇಲಿನ ಇಬ್ಬನಿ ಚುಕ್ಕೆಯಾಗಿ ಬರಬೇಕಿತ್ತು, ಸಣ್ಣ ಗೀಟಾಗಿ ಬಂದಿದೆ. ಮೇಲಿಂದ ಕೆಳಕ್ಕೆ. ಅದು ನಿನ್ನ ಕೈ.

ಜಿಂಕೆಯ ಫೋಟೋದಲ್ಲಿ ಮೈ, ಚುಕ್ಕೆ, ಕಾಲು ಎಲ್ಲ ಸರಿಯಾಗಿವೆ. ಮೂತಿ ಮತ್ತು ಕಿವಿ ಮಾತ್ರ ಒರೆಸಿದ ಹಾಗಿವೆ. ಮೇಯುವ ಜಿಂಕೆ ಸುಮ್ನೆ ನಿಲ್ಲುತ್ತದೆಯೇ? ಕಿವಿ ಆಡಿಸಿದೆ.

ಇನ್ನು ಹಿನ್ನೀರಿನ ಆಚೆ ದಡದ ಆನೆಗಳು. ಇದರಲ್ಲಿ ಎಳೆತವೂ ಇಲ್ಲ, ಬೇರೆಲ್ಲೂ ಫೋಕಸ್ ಕೂತಿಲ್ಲ. ಆದರೂ ಅಂಚೆಲ್ಲ ಕರಗಿದೆ. ಒಂದರ ಹಿಂದೆ ಒಂದು ತೆಗೆದ ಎರಡು ಫ್ರೇಮ್ ಇಟ್ಟು ನೋಡು, ಒಂದೇ ಆನೆಯ ಕಾಲು ಎರಡರಲ್ಲೂ ಬೇರೆ ಬೇರೆ ಆಕಾರದಲ್ಲಿದೆ. ಮಟಮಟ ಮಧ್ಯಾಹ್ನ ತೆಗೆದಿದ್ದೀಯ ಅಲ್ವಾ? ಕಾದ ಟಾರು ರಸ್ತೆಯ ಮೇಲೆ ಗಾಳಿ ನಡುಗುತ್ತದಲ್ಲ, ಅದೇ ಇದು. ನಿನಗೂ ಆನೆಗೂ ನಡುವೆ ಅರ್ಧ ಕಿಲೋಮೀಟರ್ ಬಿಸಿ ಗಾಳಿ ಇದ್ದರೆ ಹತ್ತು ಲಕ್ಷದ ಲೆನ್ಸೂ ಅದನ್ನೇ ಕೊಡುತ್ತದೆ. ದೂರ ಹೆಚ್ಚಾದಷ್ಟೂ ಇದು ಜಾಸ್ತಿ. ಬೆಳಗ್ಗೆ ಹೋಗು, ಇಲ್ಲವೇ ಸಂಜೆ ನೆಲ ತಣ್ಣಗಾದ ಮೇಲೆ ಹೋಗು. ಇದಕ್ಕೆ ಬೇರೆ ಮದ್ದಿಲ್ಲ. ಇದರ ಮಾತು ಇಲ್ಲಿಗೆ ಬಿಡೋಣ.

ಉಳಿದ ಮೂರರಲ್ಲಿ ಎರಡು, ಅಂದರೆ ಕಾಟಿ ಮತ್ತು ಜಿಂಕೆ, ಒಂದೇ ಕಡೆ ಸರಿಹೋಗುತ್ತವೆ: ಶಟರ್ ಸ್ಪೀಡ್, ಅಂದರೆ ಕ್ಯಾಮೆರಾ ಬೆಳಕಿಗೆ ಬಾಗಿಲು ತೆರೆದಿಡುವ ಹೊತ್ತು. ಕಾಟಿಯ ಫೋಟೋ ಮಾಹಿತಿ ತೆರೆದು ನೋಡಿದೆ. ಲೆನ್ಸ್ 600 ಎಂಎಂ, ಅಪರ್ಚರ್ (ಬೆಳಕು ಒಳಬರುವ ತೂತು) ಎಫ್ 6.3, ಶಟರ್ ಸೆಕೆಂಡಿನ 1/160, ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) 400. ನನಗೆ ನಗು ಬಂತು ಕಣೇ. ಕತ್ತಲು ಬಿಡದ ಕಾಡಿನಲ್ಲಿ ಐಎಸ್‌ಒ 400! ಯಾರೋ ನಿನಗೆ "ಐಎಸ್‌ಒ ಏರಿಸಿದರೆ ಗ್ರೇನ್ ಬರುತ್ತದೆ" ಅಂತ, ಅಂದರೆ ಫೋಟೋ ತುಂಬ ಕಾಳುಕಾಳು ಕಾಣುತ್ತದೆ ಅಂತ, ಹೆದರಿಸಿದ್ದಾರೆ.

ಹಳೆಯ ಲೆಕ್ಕ ಒಂದಿದೆ. ಕೈಯಲ್ಲಿ ಹಿಡಿದು ತೆಗೆಯುವಾಗ ಲೆನ್ಸಿನ ಎಂಎಂ ಎಷ್ಟೋ ಶಟರ್ ಅಷ್ಟಾದರೂ ಇರಬೇಕು. 600 ಎಂಎಂ ಆದರೆ 1/600. ನಿನ್ನದು ಚಿಕ್ಕ ಸೆನ್ಸರಿನ ಕ್ಯಾಮೆರಾ, ಅದಕ್ಕೆ ಒಂದೂವರೆಯಿಂದ ಗುಣಿಸು: 900. ಅಂದರೆ 1/1000 ಅಂತ ಇಟ್ಟುಕೋ. ಅದೇ ಬೆಳಕಿನಲ್ಲಿ 1/160 ಬಿಟ್ಟು 1/1000ಕ್ಕೆ ಹೋಗಲು ಐಎಸ್‌ಒ ಸುಮಾರು 2500 ಬೇಕು. ಬರಲಿ ಬಿಡು. ಗ್ರೇನ್ ಬಂದ ಫೋಟೋವನ್ನು ಈಗಿನ ಸಾಫ್ಟ್‌ವೇರ್ ಎರಡು ನಿಮಿಷದಲ್ಲಿ ಚೊಕ್ಕ ಮಾಡಿಕೊಡುತ್ತದೆ. ಅಲುಗಿದ ಫೋಟೋವನ್ನು ಯಾರ ಕೈಯಲ್ಲೂ ಪೂರ್ತಿ ಸರಿಮಾಡಲು ಆಗುವುದಿಲ್ಲ. ಕಬಿನಿಯಲ್ಲಿ ಬೆಳಗಿನ ಸಫಾರಿಯ ಮೊದಲ ಅರ್ಧ ಗಂಟೆ ಐಎಸ್‌ಒ 3200, 6400 ಅನ್ನುವುದು ಮಾಮೂಲು.

"ಸ್ಟೆಬಿಲೈಸರ್ ಇದೆಯಲ್ಲಮ್ಮ" ಅನ್ನುತ್ತೀಯ. ಇದೆ. ಡಬ್ಬಿಯ ಮೇಲೆ ನಾಲ್ಕು ಸ್ಟಾಪ್ ಅಂತ ಬರೆದಿರುತ್ತಾರೆ. ಒಂದು ಸ್ಟಾಪ್ ಅಂದರೆ ಶಟರ್ ಹೊತ್ತು ಇಮ್ಮಡಿ, ನಾಲ್ಕು ಸ್ಟಾಪ್ ಅಂದರೆ 1/500ರಲ್ಲಿ ಬರಬೇಕಾದದ್ದು 1/30ರಲ್ಲೂ ಬರುತ್ತದೆ ಅಂತ ಲೆಕ್ಕ. ಅದು ನಿಲ್ಲಿಸುವುದು ನಿನ್ನ ಕೈ ನಡುಕವನ್ನು. ಜಿಂಕೆಯ ಕಿವಿಯನ್ನು ಅದು ಹೇಗೆ ನಿಲ್ಲಿಸುತ್ತದೆ? ಅದಕ್ಕೇ ನಿನ್ನ ಜಿಂಕೆಯ ಮೈ ಸರಿಯಾಗಿ ಬಂದು ಕಿವಿ ಹಾಳಾಗಿದ್ದು. ನಿಂತ ಪ್ರಾಣಿಗೆ 1/500, ನಡೆಯುವುದಕ್ಕೆ 1/1000, ಹಾರುವ ಹಕ್ಕಿಗೆ 1/2000, ನೀರಿಗೆ ಧುಮುಕುವ ರೀವಕ್ಕೆ (ಟರ್ನ್ ಹಕ್ಕಿಗೆ), ಮಿಂಚುಳ್ಳಿಗೆ 1/3200. ಇದು ನಾನು ಇಟ್ಟುಕೊಂಡಿರುವ ಲೆಕ್ಕ. ಬೇರೆಯವರು ಬೇರೆ ಹೇಳಬಹುದು, ಹೇಳಲಿ. ಇನ್ನೊಂದು ವಿಷಯ: ಶಟರ್ ಬಟನ್ ಅರ್ಧ ಒತ್ತಿದ ತಕ್ಷಣ ಸ್ಟೆಬಿಲೈಸರ್ ಹಿಡಿತಕ್ಕೆ ಬರುವುದಿಲ್ಲ. ಅರ್ಧ ಒತ್ತಿ ಹಿಡಿ, ವ್ಯೂಫೈಂಡರಿನಲ್ಲಿ (ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ) ಚಿತ್ರ ಒಮ್ಮೆ ತೇಲಿ ನಿಲ್ಲುವುದು ಕಾಣುತ್ತದೆ, ಆಮೇಲೆ ಪೂರ್ತಿ ಒತ್ತು.

ಕ್ಯಾಮೆರಾವನ್ನು ಎಂ (ಮ್ಯಾನುಯಲ್) ಮೋಡ್‌ಗೆ ಹಾಕಿ, ಶಟರ್ ಮತ್ತು ಅಪರ್ಚರ್ ನೀನೇ ಇಟ್ಟು, ಐಎಸ್‌ಒ ಮಾತ್ರ ಆಟೋ ಬಿಡು. ಮೇಲಿನ ಮಿತಿ 6400. ಆಮೇಲೆ ಶಟರ್ ಚಕ್ರ ಒಂದನ್ನೇ ತಿರುಗಿಸುತ್ತಿದ್ದರೆ ಸಾಕು. ಹುಲಿ ರಸ್ತೆಗೆ ಬಂದಾಗ ಲೆಕ್ಕ ಹಾಕುತ್ತ ಕೂರುವ ಕೆಲಸ ತಪ್ಪುತ್ತದೆ. ಬಿಸಿಲು ಚೆನ್ನಾಗಿದ್ದರೆ ಅಪರ್ಚರ್ ಎಫ್ 8ಕ್ಕೆ ಇಡು. ಈ ಥರದ ಜೂಮ್ ಲೆನ್ಸ್‌ಗಳು 600ರ ತುದಿಯಲ್ಲಿ ಪೂರ್ತಿ ತೆರೆದಾಗ ಸ್ವಲ್ಪ ಮೆತ್ತಗಿರುತ್ತವೆ, ಎಫ್ 8ರಲ್ಲಿ ಗಟ್ಟಿಯಾಗುತ್ತವೆ.

ಕಾಡುಪ್ರಾಣಿಗಳ ಫೋಟೋಗೆ ಹೆಸರಾದ ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಇ. ಹನುಮಂತ ರಾವ್ ಇವರೆಲ್ಲ ಶುರು ಮಾಡಿದ ಕಾಲದಲ್ಲಿ ಆಟೋಫೋಕಸ್ ಅನ್ನುವುದೇ ಇರಲಿಲ್ಲ. ಎಸ್‌ಎಲ್‌ಆರ್ ಕ್ಯಾಮೆರಾಗೆ ಸ್ಟೆಬಿಲೈಸರ್ ಇರುವ ಲೆನ್ಸ್ ಬಂದದ್ದೇ 1995ರಲ್ಲಿ, ಕ್ಯಾನನ್ ಕಂಪನಿಯದು. ಬಣ್ಣದ ಸ್ಲೈಡ್ ಫಿಲ್ಮ್ ಅಂದರೆ ಐಎಸ್‌ಒ 64, ಇಲ್ಲವೇ 100. ರೋಲ್ ಮುಗಿಯುವವರೆಗೆ ಅದನ್ನು ಬದಲಿಸುವ ಹಾಗೂ ಇಲ್ಲ. ನಮ್ಮ ರಾಜ್ಯದ ಹಣಕಾಸು ಮಂತ್ರಿಯಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆ ಕಪ್ಪುಬಿಳುಪಿನಲ್ಲಿ ತೆಗೆದ ಕಾಡುಪ್ರಾಣಿಗಳ ಫೋಟೋ ಹುಡುಕಿ ನೋಡು. ಅದರಲ್ಲಿ ಗ್ರೇನ್ ಎಷ್ಟಿದೆ ಅಂತ ಯಾರೂ ಕೇಳುವುದಿಲ್ಲ. ನಿನಗೆ ಒಂದು ಚಕ್ರ ತಿರುಗಿಸಿದರೆ 6400 ಸಿಗುತ್ತದೆ, ಅದನ್ನು ಬಳಸುವುದಕ್ಕೇ ಅಂಜುತ್ತೀಯ!

ಈಗ ಕೈ. ನಿನ್ನ ಗೆಳತಿ ಜೀಪಿನಲ್ಲಿ ತೆಗೆದ ನಿನ್ನ ಫೋಟೋ ಇದೆಯಲ್ಲ, ಅದರಲ್ಲಿ ನೀನು ಎರಡೂ ಕೈಯಲ್ಲಿ ಕ್ಯಾಮೆರಾ ಬಾಡಿಯನ್ನೇ ಹಿಡಿದಿದ್ದೀಯ. ಮುಂದೆ ಎರಡು ಕೆಜಿ ಲೆನ್ಸ್ ಜೋತುಬಿದ್ದಿದೆ. ಎಡಗೈ ಲೆನ್ಸಿನ ಕೆಳಗೆ ಹೋಗಬೇಕು, ಆದಷ್ಟೂ ಮುಂದಕ್ಕೆ. ಅಂಗೈ ಮೇಲೆ ಮಾಡಿ, ಎಳೆ ಮಗುವಿನ ತಲೆಗೆ ಕೈ ಕೊಡುವ ಹಾಗೆ. ಭಾರ ಬೆರಳಿನ ಮೇಲಲ್ಲ, ಅಂಗೈ ಮೇಲೆ ಬೀಳಬೇಕು. ಮೊಣಕೈ ಎರಡೂ ಪಕ್ಕೆಗೆ ಒತ್ತಿಕೊಳ್ಳಲಿ, ರೆಕ್ಕೆ ಬಿಚ್ಚಬೇಡ. ವ್ಯೂಫೈಂಡರಿನ ರಬ್ಬರನ್ನು ಹುಬ್ಬಿಗೆ ಒತ್ತು. ಎರಡು ಕೈ, ಒಂದು ಹಣೆ, ಅಲ್ಲಿಗೆ ಮೂರು ಕಡೆ ಆಧಾರ ಸಿಕ್ಕಿತು. ಹಿಂದಿನ ಸ್ಕ್ರೀನ್ ನೋಡಿಕೊಂಡು ಕೈ ಚಾಚಿ ತೆಗೆದರೆ ಈ ಮೂರನೆಯದು ಹೋಗುತ್ತದೆ. ಕೂತಿದ್ದರೆ ಮೊಣಕೈಯನ್ನು ಮಂಡಿಯ ಮೇಲೆ ಊರು. ಸರಿಯಾಗಿ ಮಂಡಿಚಿಪ್ಪಿನ ಮೇಲೆ ಬೇಡ, ಜಾರುತ್ತದೆ. ಸ್ವಲ್ಪ ಮುಂದೆ ಊರು.

ಉಸಿರು ಅರ್ಧ ಬಿಟ್ಟು ತಡೆದು, ಬಟನನ್ನು ಕುಟ್ಟದೆ ಮೆಲ್ಲಗೆ ಒತ್ತು. ಒಂದೇ ಒಂದು ತೆಗೆಯಬೇಡ, ನಾಲ್ಕೈದು ಒಟ್ಟಿಗೆ ತೆಗೆ. ಮೊದಲನೆಯದರಲ್ಲಿ ಬೆರಳು ಒತ್ತಿದ ಅದುರು ಇರುತ್ತದೆ, ಎರಡನೆಯದೋ ಮೂರನೆಯದೋ ಚೆನ್ನಾಗಿ ಬರುತ್ತದೆ. ಹಾಗಂತ ಬಟನ್ ಒತ್ತಿ ಹಿಡಿದು ಇನ್ನೂರು ಫ್ರೇಮ್ ಉರುಳಿಸುವುದೂ ಬೇಡ. ಮನೆಗೆ ಬಂದು ಅಳಿಸುವವಳು ನೀನೇ. ಪ್ರಾಣಿ ಬಂದೀತು ಅಂತ ಹತ್ತು ನಿಮಿಷ ಎತ್ತಿ ಹಿಡಿದುಕೊಂಡೇ ಇದ್ದರೆ, ಅದು ಬರುವ ಹೊತ್ತಿಗೆ ನಿನ್ನ ತೋಳು ಸೋತಿರುತ್ತದೆ. ಮಡಿಲಲ್ಲಿ ಇಟ್ಟುಕೋ, ಬೇಕಾದಾಗ ಎತ್ತು.

ಜೀಪ್ ಎಂಜಿನ್ ಓಡುತ್ತಿದ್ದರೆ ಮೇಲೆ ಹೇಳಿದ್ದೆಲ್ಲ ದಂಡ. ಕಂಬಿಗೆ ಲೆನ್ಸನ್ನಾಗಲಿ ಮೈಯನ್ನಾಗಲಿ ಒರಗಿಸಬೇಡ, ಅದುರೆಲ್ಲ ಕ್ಯಾಮೆರಾಗೆ ಇಳಿಯುತ್ತದೆ. "ಅಣ್ಣಾ, ಸ್ವಲ್ಪ ಆಫ್ ಮಾಡ್ತೀರಾ" ಅಂತ ಕೇಳು, ಸಾಮಾನ್ಯವಾಗಿ ಮಾಡುತ್ತಾರೆ. ಆನೆ ಹತ್ತಿರ ಇದ್ದಾಗ ಆಫ್ ಮಾಡಲ್ಲ ಅಂದರೆ ವಾದ ಬೇಡ, ಅವರಿಗೆ ಕಾರಣ ಗೊತ್ತು. ಇನ್ನೂ ಹತ್ತಿರ ಹೋಗಿ ಅಂತ ಮಾತ್ರ ಯಾವತ್ತೂ ಕೇಳಬೇಡ. ಎಂಜಿನ್ ಆಫ್ ಇದ್ದಾಗ ಕಂಬಿ ಒಳ್ಳೆಯ ಆಧಾರವೇ. ನಿನ್ನ ಹಳೇ ಜೀನ್ಸಿನ ಕಾಲು ಕತ್ತರಿಸಿ ಒಂದು ಚೀಲ ಹೊಲಿದು ಇಟ್ಟಿದ್ದೇನೆ, ಅಕ್ಕಿ ತುಂಬಿಸಿ ಕಂಬಿಯ ಮೇಲೆ ಹಾಕಿಕೋ. ವಾಪಸ್ ಬಂದು ಆ ಅಕ್ಕಿಯಲ್ಲಿ ಚಿತ್ರಾನ್ನ ಮಾಡಿದರೆ ನನಗೆ ಹೇಳಬೇಡ.

ಇನ್ನು ಫೋಕಸ್, ಅಂದರೆ ಸೀಳುನಾಯಿ. 600 ಎಂಎಂನಲ್ಲಿ ಫೋಕಸ್ ಎಷ್ಟು ತೆಳು ಅಂತ ಅಂದಾಜಿದೆಯಾ? ನಿನ್ನ ಕ್ಯಾಮೆರಾದಲ್ಲಿ ಎಫ್ 6.3 ಇಟ್ಟರೆ, 20 ಮೀಟರ್ ದೂರದ ನಾಯಿಗೆ ಸರಿಯಾಗಿ ಸಿಗುವ ಆಳ ಒಂದು ಅಡಿಗೂ ಕಡಿಮೆ. 8 ಮೀಟರಿನಲ್ಲಿ ಕೂತ ಮಿಂಚುಳ್ಳಿಗೆ ನಾಲ್ಕೈದು ಸೆಂಟಿಮೀಟರ್, ಹೆಚ್ಚುಕಡಿಮೆ ಅದರ ಕೊಕ್ಕಿನಷ್ಟೇ! ಕೊಕ್ಕಿನ ತುದಿಗೆ ಫೋಕಸ್ ಹಿಡಿದರೆ ಕಣ್ಣು ಹೋಯಿತು. ಕಣ್ಣು ಹೋದರೆ ಆ ಫೋಟೋ ಯಾರೂ ನೋಡುವುದಿಲ್ಲ. ನಿನ್ನ ಕ್ಯಾಮೆರಾ ಹಳೆಯದು, ತಾನಾಗಿ ಕಣ್ಣು ಹುಡುಕುವುದಿಲ್ಲ. ಎಲ್ಲ ಫೋಕಸ್ ಪಾಯಿಂಟ್ ತೆರೆದಿಟ್ಟರೆ ಎದುರಿಗೆ ಏನಿದೆಯೋ ಅದಕ್ಕೇ ಹೋಗುತ್ತದೆ, ಹುಲ್ಲಿಗೆ ಹೋದದ್ದು ಹಾಗೆಯೇ. ನಡುವಿನ ಒಂದೇ ಪಾಯಿಂಟ್ ಇಟ್ಟುಕೊಂಡು ಕಣ್ಣಿನ ಮೇಲೆ ಇಡು. ಓಡಾಡುವ ಪ್ರಾಣಿಗೆ ಕಂಟಿನ್ಯೂಯಸ್ ಫೋಕಸ್, ಅದು ಪ್ರಾಣಿಯ ಹಿಂದೆಯೇ ಹೋಗುತ್ತದೆ. ಕ್ಯಾಮೆರಾದ ಹಿಂಬದಿಯ ಬಟನಿಗೆ ಫೋಕಸ್ ಕೊಟ್ಟುಕೊಳ್ಳುವುದು ನನಗಂತೂ ಇಷ್ಟ. ಹೆಬ್ಬೆರಳು ಬಿಟ್ಟರೆ ಫೋಕಸ್ ಅಲ್ಲೇ ನಿಲ್ಲುತ್ತದೆ, ಮಧ್ಯೆ ಹುಲ್ಲು ಅಡ್ಡ ಬಂದರೂ ಕದಲುವುದಿಲ್ಲ.

ಒಂದು ಪರೀಕ್ಷೆ ಮಾಡು. ಬಾಲ್ಕನಿಯಿಂದ ಎದುರು ನಿಲ್ಲಿಸಿದ ಯಾವುದಾದರೂ ಕಾರಿನ ನಂಬರ್ ಪ್ಲೇಟಿಗೆ ಕ್ಯಾಮೆರಾವನ್ನು ಮೇಜಿನ ಮೇಲೆ ಗಟ್ಟಿಯಾಗಿ ಕೂರಿಸಿ, ಒಮ್ಮೆ ವ್ಯೂಫೈಂಡರಿನಲ್ಲಿ, ಒಮ್ಮೆ ಲೈವ್ ವ್ಯೂನಲ್ಲಿ, ಅಂದರೆ ಹಿಂದಿನ ಸ್ಕ್ರೀನ್ ನೋಡಿ, ಫೋಕಸ್ ಮಾಡಿ ತೆಗೆ. ಲೈವ್ ವ್ಯೂ ಚೆನ್ನಾಗಿದ್ದು ವ್ಯೂಫೈಂಡರಿನದು ಪ್ರತಿ ಸಲವೂ ಮಬ್ಬಾದರೆ, ಮೆನುವಿನಲ್ಲಿ ಫೈನ್ ಟ್ಯೂನ್ ಅಂತ ಇರುತ್ತದೆ, ಅಲ್ಲಿ ಹೊಂದಿಸಬಹುದು. ಅದೇ ಪ್ಲೇಟನ್ನು ಕೈಯಲ್ಲಿ ಹಿಡಿದು 1/125ರಿಂದ ಶುರು ಮಾಡಿ 1/2000ದವರೆಗೆ ತೆಗೆದು ನೋಡು. ಯಾವ ಸ್ಪೀಡಿನಿಂದ ಮೇಲೆ ಅಕ್ಷರ ಗಟ್ಟಿಯಾಗುತ್ತದೋ ಅದು ನಿನ್ನ ಕೈಯ ಮಿತಿ. ನನ್ನ ಲೆಕ್ಕಕ್ಕಿಂತ ಅದೇ ಜಾಸ್ತಿ ನಂಬಿಕೆಯದು.

ಆಮೇಲೆ ಇಲ್ಲಿಗೆ ಬಾ, ರಂಗನತಿಟ್ಟಿಗೆ ಹೋಗೋಣ. ಪಕ್ಷಿತಜ್ಞ ಸಾಲಿಂ ಅಲಿ ಹೇಳಿ 1940ರಲ್ಲಿ ಪಕ್ಷಿಧಾಮ ಮಾಡಿಸಿದ ಜಾಗ, ಕೈ ಪಳಗಿಸಲು ಅದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಹುಟ್ಟು ಹಾಕುವ ದೋಣಿ, ಎಂಜಿನ್ ಅದುರು ಇಲ್ಲ. ಆದರೆ ದೋಣಿ ತೂಗುತ್ತದೆ, ಅದಕ್ಕೆ 1/1000ಕ್ಕಿಂತ ಕೆಳಗೆ ಇಳಿಯಬೇಡ. ಗೂಡು ಕಟ್ಟುವ ಕಾಲದಲ್ಲಿ ಬಣ್ಣದ ಕೊಕ್ಕರೆಗಳು ಕಡ್ಡಿ ಕಚ್ಚಿಕೊಂಡು ಅದೇ ದಾರಿಯಲ್ಲಿ ಹೋಗಿ ಬಂದು ಮಾಡುತ್ತವೆ. ಒಂದು ತಪ್ಪಿದರೆ ಇನ್ನೊಂದು ಬರುತ್ತದೆ. ಇಳಿಯುವಾಗ ಗಾಳಿಗೆ ಎದುರಾಗಿ ಇಳಿಯುತ್ತವೆ. ಹಾಗಾಗಿ ಗಾಳಿ ನಿನ್ನ ಬೆನ್ನ ಹಿಂದಿನಿಂದ ಬೀಸುವ ಕಡೆ ಕೂತರೆ ಹಕ್ಕಿಯ ಮುಖ ನಿನ್ನ ಕಡೆಗೇ ಇರುತ್ತದೆ. ಬಂಡೆಯ ಮೇಲೆ ರೀವಗಳ ಮೊಟ್ಟೆ, ಮರಿ ಕಂಡರೆ ಮಾತ್ರ ದೋಣಿ ನಿಲ್ಲಿಸಲು ಹೇಳಬೇಡ, ಹಾಗೇ ಹೋಗಲಿ.

ಮರೆತಿದ್ದೆ. ಲೆನ್ಸಿನ ಮುಂದೆ ಒಂದು ಗಾಜು ಹಾಕಿಸಿಕೊಂಡಿದ್ದೀಯಲ್ಲ, "ಲೆನ್ಸ್ ಸೇಫ್" ಅಂತ ಅಂಗಡಿಯವನು ಕೊಟ್ಟದ್ದು. ಅದನ್ನು ಬಿಚ್ಚಿ ಡ್ರಾಯರಿಗೆ ಹಾಕು. ಅಗ್ಗದ ಫಿಲ್ಟರ್ ಚಿಕ್ಕ ಲೆನ್ಸಿನಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ, 600ರಲ್ಲಿ ಎದ್ದು ಕಾಣುತ್ತದೆ. ಕಾಪಾಡಲು ಮುಂದೆ ಸಿಕ್ಕಿಸುವ ಕೊಳವೆ, ಆ ಹುಡ್, ಸಾಕು.

ಮುಂದಿನ ಸಲ ಫೋಟೋ ಕಳಿಸುವಾಗ ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಬೇಡ, ಅದು ಹಿಂಡಿ ಹಿಪ್ಪೆ ಮಾಡುತ್ತದೆ, ಮಾಹಿತಿಯೂ ಉಳಿಯುವುದಿಲ್ಲ. ಈ ಸಲ ಮಾಡಿದ ಹಾಗೆ ಮೇಲ್‌ನಲ್ಲೇ ಕಳಿಸು, ಇಲ್ಲವೇ ಡಾಕ್ಯುಮೆಂಟ್ ಆಗಿ ಹಾಕು. ಅಪ್ಪ ಕೇಳುತ್ತಿದ್ದಾರೆ, ಆ ಮೂರನೇ ಆನೆಗೆ ದಂತ ಒಂದೇನಾ ಅಂತ. ನಿನ್ನ ಫೋಟೋದಲ್ಲಿ ಗೊತ್ತಾಗಲಿಲ್ಲ.

ಇತಿ,
ಅಮ್ಮ