ಪಾಪುವಿನ ಆಟಿಕೆ ಪಟ್ಟಿ ನೋಡಿ ದೊಡ್ಡಮ್ಮ ಬರೆದದ್ದು

ನೀರ್ಚಾಲು

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳಿಸಿದ ಪಟ್ಟಿ ನೋಡಿದೆ. ಗುಂಡಿ ಒತ್ತಿದರೆ ಎ ಬಿ ಸಿ ಹೇಳುವ ಲ್ಯಾಪ್‌ಟಾಪು, ಹಾಡುವ ಕರಡಿ, ತಾನೇ ಓಡಿ ತಾನೇ ತಿರುಗುವ ರೈಲು, ಮುಟ್ಟಿದರೆ ಕೂಗುವ ಪ್ರಾಣಿಗಳ ಪುಸ್ತಕ. ಪಾಪುವಿಗೆ ಮೂರು ತುಂಬುವಾಗ ಇದರಲ್ಲಿ ಯಾವುದು ಕೊಡಿಸಲಿ ಅಂತ ಕೇಳಿದ್ದೀ. ಯಾವುದೂ ಬೇಡ ಅಂತ ಫೋನಿನಲ್ಲಿ ಹೇಳಿದರೆ ನಿನಗೆ ಬೇಜಾರಾಗುತ್ತದೆ. ಅದಕ್ಕೇ ಈ ಕಾಗದ.

ಅಮೆರಿಕದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ಒಂದು ಅಧ್ಯಯನದ ಬಗ್ಗೆ ಓದಿದ್ದೆ. 10ರಿಂದ 16 ತಿಂಗಳ 26 ಮಕ್ಕಳು ಅಪ್ಪ ಅಮ್ಮನ ಜೊತೆ ಮನೆಯಲ್ಲೇ ಆಡುವಾಗ ಮಾತನ್ನೆಲ್ಲ ರೆಕಾರ್ಡ್ ಮಾಡಿ ಲೆಕ್ಕ ಹಾಕಿದರಂತೆ. ಬ್ಯಾಟರಿ ಆಟಿಕೆ ಇದ್ದಾಗ ದೊಡ್ಡವರ ಮಾತು ಎಲ್ಲಕ್ಕಿಂತ ಕಡಿಮೆ. ಬ್ಲಾಕಿನಂಥ ಸಾದಾ ಆಟಿಕೆ ಇದ್ದಾಗ ಅದಕ್ಕಿಂತ ಜಾಸ್ತಿ. ಪುಸ್ತಕ ಹಿಡಿದಾಗ ಎಲ್ಲಕ್ಕಿಂತ ಜಾಸ್ತಿ. ಆಟಿಕೆಯೇ ಮಾತಾಡುವಾಗ ನಾವು ಸುಮ್ಮನಾಗುತ್ತೇವೆ, ಅಲ್ವಾ? ನಿಮ್ಮ ಮನೆಯಲ್ಲಿ ಇದು ಇನ್ನೂ ದೊಡ್ಡ ವಿಷಯ. ಪ್ಲೇಸ್ಕೂಲಿನಲ್ಲಿ ಮಲಯಾಳ, ಟಿವಿಯಲ್ಲಿ ಇಂಗ್ಲಿಷು. ಎರ್ನಾಕುಳದಲ್ಲಿ ಆ ಮಗುವಿನ ಕಿವಿಗೆ ಕನ್ನಡ ಬೀಳುವುದು ನಿಮ್ಮಿಬ್ಬರ ಬಾಯಿಂದ ಮಾತ್ರ. ಸಂಜೆ ಸಿಗುವ ಒಂದು ಗಂಟೆಯನ್ನೂ ಕರಡಿಗೆ ಕೊಟ್ಟರೆ ಹೇಗೆ?

ಮೊನ್ನೆ ಆಚೆಮನೆಯ ಹುಡುಗ ತೋಟದಲ್ಲಿ ಬಿದ್ದ ಅಡಿಕೆ ಹಾಳೆ ಎಳೆದುಕೊಂಡು ನಮ್ಮ ಅಂಗಳಕ್ಕೆ ಬಂದ. ನಾಲ್ಕು ವರ್ಷ ಅವನಿಗೆ. ತಾನು ಹಾಳೆಯ ಮೇಲೆ ಕೂತು ಅಕ್ಕನ ಹತ್ತಿರ ಎಳೆಯಲಿಕ್ಕೆ ಹೇಳಿದ. ಅದು ಬಸ್ಸು. "ಬದಿಯಡ್ಕ, ಬದಿಯಡ್ಕ" ಅಂತ ಕೂಗಿದ, ನಾಯಿಗೂ ಟಿಕೆಟು ಕೊಟ್ಟ. ತಿರುವಿನಲ್ಲಿ ಮಗುಚಿ ಬಿದ್ದ. ಬಸ್ಸು ಹಾಳಾಯಿತಲ್ಲ, ಕವುಚಿ ಹಾಕಿ ರಿಪೇರಿ ಸುರು. ಸ್ವಲ್ಪ ಹೊತ್ತಿನಲ್ಲಿ ಅದೇ ಹಾಳೆ ತಲೆಗೇರಿ ಕಿರೀಟವಾಯಿತು. ಅಕ್ಕ ಪಾತ್ರೆ ಬಡಿದಳು, ಚೆಂಡೆ. ಊಟಕ್ಕೆ ಕರೆಯಲು ಹೋದರೆ ಹಾಳೆ ತೊಟ್ಟಿಲಾಗಿತ್ತು. "ಮೆಲ್ಲ ಮಾತಾಡಿ, ಮಗು ಮಲಗಿದೆ" ಅಂತ ನನಗೇ ಗದರಿದ. ಮಲಗಿದ್ದದ್ದು ತೆಂಗಿನ ಗರಿಯ ಬುಡ, ಒಂದು ಕೊತ್ತಳಿಗೆ ತುಂಡು!

ನಿನ್ನ ಪಟ್ಟಿಯ ರೈಲು ಎಷ್ಟು ಓಡಿದರೂ ರೈಲೇ. ಮಗುವಿಗೆ ಅದರಲ್ಲಿ ಉಳಿದಿರುವ ಕೆಲಸ ಬ್ಯಾಟರಿ ಮುಗಿಯುವವರೆಗೆ ನೋಡುವುದು. ಒಂದೂವರೆ ಎರಡು ವರ್ಷಕ್ಕೇ ಮಕ್ಕಳು ಖಾಲಿ ಲೋಟದಲ್ಲಿ ಚಾ ಕುಡಿಯುತ್ತಾರೆ, ಬಾಚಣಿಗೆಯನ್ನು ಕಿವಿಗಿಟ್ಟು ಹಲೋ ಅನ್ನುತ್ತಾರೆ. ಇಲ್ಲದ್ದನ್ನು ಇದೆ ಅಂತ ಮಾಡುವ ಶಕ್ತಿ ಆಗಲೇ ಬಂದಿರುತ್ತದೆ. ಅದಕ್ಕೆ ಜಾಗ ಬಿಡುವ ಸಾಮಾನು ಕೊಡಬೇಕು, ಅಷ್ಟೇ ನಾನು ಹೇಳುವುದು.

ಫ್ಲ್ಯಾಟಿನಲ್ಲಿ ಹಾಳೆ ಎಲ್ಲಿಂದ ತರಲಿ ಅನ್ನುತ್ತೀ. ಬಣ್ಣವಿಲ್ಲದ ಮರದ ಬ್ಲಾಕು ತೆಗೆದುಕೋ. ಶಿಶುವಿಹಾರಕ್ಕೆ ಕಿಂಡರ್‌ಗಾರ್ಟನ್ ಅಂತ 1840ರಲ್ಲಿ ಹೆಸರಿಟ್ಟ ಜರ್ಮನಿಯ ಫ್ರೋಬೆಲ್ ಮಕ್ಕಳಿಗೆ ಕೊಟ್ಟದ್ದೂ ಉಣ್ಣೆಯ ಚೆಂಡು, ಮರದ ಗುಂಡು, ಚೌಕದ ತುಂಡುಗಳನ್ನೇ. ಟೀಚರ್ ತರಬೇತಿಯಲ್ಲಿ, ಟಿ.ಟಿ.ಸಿ.ಯಲ್ಲಿ, ಬಾಯಿಪಾಠ ಮಾಡಿದ್ದು ಈಗ ಉಪಯೋಗಕ್ಕೆ ಬಂತು ನೋಡು. ಬಟ್ಟೆಯ ಗೊಂಬೆ ಒಂದು ಇರಲಿ. ಚನ್ನಪಟ್ಟಣದ್ದು ಸಿಕ್ಕಿದರೆ ಒಳ್ಳೆಯದೇ. ಆಲೆ ಮರವನ್ನು ಕಡೆದು, ತಿರುಗುವಾಗಿನ ಬಿಸಿಗೇ ಅರಗಿನ ಬಣ್ಣ ಹಿಡಿಸುತ್ತಾರೆ. ಪ್ಲಾಸ್ಟಿಕ್ಕಿನದ್ದು ಕೊಳ್ಳುವುದಾದರೆ ಐಎಸ್‌ಐ ಗುರುತು ನೋಡು, 2021ರ ಜನವರಿಯಿಂದ ಅದು ಕಡ್ಡಾಯ. ಉಳಿದಂತೆ ಅಡುಗೆಮನೆಯ ಸೌಟು, ಮುಚ್ಚಳ, ಫ್ರಿಜ್ ಬಂದ ರಟ್ಟಿನ ಪೆಟ್ಟಿಗೆ ಸಾಕು. ಪೆಟ್ಟಿಗೆ ಮಾತ್ರ ಬಿಸಾಡಬೇಡ ಮಾರಾಯ್ತಿ.

ಇರುವ ಆಟಿಕೆಗಳನ್ನೂ ಒಟ್ಟಿಗೇ ಹರಡಬೇಡ. ಟೊಲೆಡೋ ವಿಶ್ವವಿದ್ಯಾಲಯದವರು 36 ಪುಟ್ಟ ಮಕ್ಕಳಿಗೆ ಒಮ್ಮೆ ನಾಲ್ಕು ಆಟಿಕೆ, ಇನ್ನೊಮ್ಮೆ ಹದಿನಾರು ಕೊಟ್ಟು ನೋಡಿದರು. 2018ರಲ್ಲಿ ಅದು ಪ್ರಕಟವಾಯಿತು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆ ಹೆಚ್ಚು ಹೊತ್ತು ಆಡಿದರು, ಬೇರೆ ಬೇರೆ ರೀತಿಯಲ್ಲಿ ಆಡಿದರು. ನಾಲ್ಕೈದು ಹೊರಗಿಡು. ಉಳಿದದ್ದು ಕಪಾಟಿಗೆ ಹಾಕು. ವಾರ ಬಿಟ್ಟು ಬದಲಾಯಿಸಿದರೆ ಹೊಸತೇ ಬಂದ ಹಾಗೆ ಕುಣಿಯುತ್ತಾಳೆ.

ಇನ್ನು ಪುಸ್ತಕ. ದುಡ್ಡು ಖರ್ಚು ಮಾಡಲೇಬೇಕು ಅಂತಿದ್ದರೆ ಇಲ್ಲಿ ಮಾಡು. ಆದರೆ ಪುಟಕ್ಕೊಂದು ಹಣ್ಣು, ಕೆಳಗೊಂದು ಹೆಸರು ಇರುವುದನ್ನು ಚಿತ್ರಪುಸ್ತಕ ಅಂತ ನಾನು ಒಪ್ಪುವುದಿಲ್ಲ. ಅಂಗಡಿಯಲ್ಲಿ ನಡುವಿನ ಒಂದು ಪುಟ ತೆರೆ. ಅಕ್ಷರಗಳನ್ನು ಅಂಗೈಯಿಂದ ಮುಚ್ಚು. ಆಮೇಲೂ ಚಿತ್ರ ಏನೋ ಹೇಳುತ್ತಿದೆಯಾ? ಅಜ್ಜಿ ಬೆನ್ನು ಹಾಕಿ ದೋಸೆ ಹುಯ್ಯುತ್ತಿದ್ದಾಳೆ, ಮೇಜಿನ ಅಡಿಯಿಂದ ಬೆಕ್ಕಿನ ಬಾಲ ಮಾತ್ರ ಕಾಣುತ್ತಿದೆ, ಬರಹದಲ್ಲಿ ಬೆಕ್ಕಿನ ಸುದ್ದಿಯೇ ಇಲ್ಲ. ಅಂಥದ್ದು ಸಿಕ್ಕಿದರೆ ಬಿಡಬೇಡ. ಆ ಬಾಲವನ್ನು ಮಗು ನಿನಗಿಂತ ಮೊದಲು ಕಾಣುತ್ತದೆ.

ಓದುವಾಗ ಪುಟ ಅವಳೇ ಮಗುಚಲಿ. ಎರಡು ಪುಟ ಒಟ್ಟಿಗೆ ಹಾರಿದರೂ ಆಯಿತು. "ಇದೇನು? ಇದು ಯಾವ ಬಣ್ಣ?" ಅಂತ ಪರೀಕ್ಷೆ ಮಾಡಬೇಡ, ನಿನ್ನ ಅಮ್ಮನಿಗೂ ಆ ಚಾಳಿ ಇತ್ತು. "ಈ ಬೆಕ್ಕು ಅಲ್ಲಿ ಎಂತ ಮಾಡ್ತಾ ಉಂಟು?" ಅಂತ ಕೇಳಿ ಬಾಯಿ ಮುಚ್ಚಿ ಕೂರು. ಉತ್ತರಕ್ಕೆ ಅವಳಿಗೆ ತುಂಬ ಹೊತ್ತು ಬೇಕು. ನಮಗೆ ತಡೆಯುವುದಿಲ್ಲ, ನಾವೇ ಹೇಳಿಬಿಡುತ್ತೇವೆ. ಬೆಕ್ಕು ಬಸ್ಸಿಗೆ ಕಾಯ್ತಾ ಇದೆ ಅಂದರೆ ಹೌದು ಅನ್ನು, ಯಾವ ಬಸ್ಸು ಅಂತ ಕೇಳು. ಪುಸ್ತಕದಲ್ಲಿ ಹಾಗಿಲ್ಲ ಅಂತ ತಿದ್ದಬೇಡ. ಒಂದೇ ಪುಸ್ತಕವನ್ನು ತಿಂಗಳಿಡೀ ತಂದರೆ ಮುಖ ಸಿಂಡರಿಸಬೇಡ. ಬೇಕೆಂದೇ ಒಂದು ಸಾಲು ಬಿಟ್ಟು ಓದು, ಹೇಗೆ ಹಿಡಿಯುತ್ತಾಳೆ ನೋಡು.

ಎಲ್ಲಿ ಸಿಗುತ್ತದೆ ಅಂದರೆ, ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯದ ಮಾಲೆ ಕನ್ನಡದಲ್ಲೂ ಇದೆ, ಬೆಲೆ ಕಡಿಮೆ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಸ್ಟೋರಿವೀವರ್ ಅಂತ ವೆಬ್‌ಸೈಟು ಸುರು ಮಾಡಿದ್ದಾರೆ. ಅಲ್ಲಿ ಪುಸ್ತಕಗಳನ್ನು ದುಡ್ಡಿಲ್ಲದೆ ಇಳಿಸಿಕೊಳ್ಳಬಹುದು. ಹಲವು ಕತೆಗಳು ಕನ್ನಡದಲ್ಲೂ ಮಲಯಾಳದಲ್ಲೂ ಇವೆ. ಎರಡನ್ನೂ ಪ್ರಿಂಟ್ ತೆಗೆಸು. ಕನ್ನಡದ್ದು ಮನೆಗೆ, ಮಲಯಾಳದ್ದು ಪ್ಲೇಸ್ಕೂಲಿನ ಟೀಚರ್ ಕೈಗೆ. ಮೊಬೈಲಿನಲ್ಲಿ ತೋರಿಸಬೇಡ, ಬೆರಳು ಬೇರೆ ಕಡೆ ಓಡುತ್ತದೆ.

ರಜೆಯಲ್ಲಿ ಬಂದಾಗ ಕಾಸರಗೋಡಿನ ಯಕ್ಷಗಾನ ಬೊಂಬೆಯಾಟ ಎಲ್ಲಾದರೂ ಇದ್ದರೆ ತೋರಿಸುವಾ. ಬೊಂಬೆಯ ಮುಖ ಕೆತ್ತಿದ್ದು ಕೆತ್ತಿದ ಹಾಗೇ ಇರುತ್ತದೆ. ಸೂತ್ರ ಸಡಿಲಾಗಿ ತಲೆ ಬಾಗಿದಾಗ ಮಕ್ಕಳು ಮಾತ್ರ "ಅಳ್ತಾ ಇದ್ದಾನೆ" ಅನ್ನುತ್ತಾರೆ.

ಗುಳಿಗಳಲ್ಲಿ ಬೀಜ ಹಾಕಿ ಆಡುವ ನಿನ್ನ ಅಜ್ಜಿಯ ಚೆನ್ನೆಮಣೆ ಅಟ್ಟದಲ್ಲಿ ಇದೆ, ಅದನ್ನೂ ಕೇಳಿದ್ದೀ. ಮಣೆ ಕೊಡುತ್ತೇನೆ, ಬೀಜ ಈಗ ಇಲ್ಲ. ಬೀಜದ ಡಬ್ಬಿಯಲ್ಲಿ ಪೂರ್ತಿ ಕೆಂಪಿನ ಮಂಜೊಟ್ಟಿಯ ಜೊತೆ ಗುಲಗಂಜಿಯೂ ಸೇರಿದೆ. ಕೆಂಪಿನಲ್ಲಿ ಕಪ್ಪು ಚುಕ್ಕೆ ಇರುವುದು ಗುಲಗಂಜಿ. ಅದನ್ನು ಅಗಿದು ನುಂಗಿದರೆ ಘೋರ ವಿಷ. ಮಂಜೊಟ್ಟಿಯಾದರೂ ಗಂಟಲಲ್ಲಿ ಸಿಕ್ಕಿಬಿದ್ದರೆ ಕಷ್ಟವೇ. ಎಲ್ಲವನ್ನೂ ಬಾಯಿಗೆ ಹಾಕುವ ಪ್ರಾಯ ಕಳೆಯಲಿ. ಅಲ್ಲಿಯವರೆಗೆ ಮಣೆಯ ಗುಳಿಗಳಲ್ಲಿ ಸಾರು ಸಾಂಬಾರು ಮಾಡಲಿ.

ಮುಂದಿನ ವಾರ ದೊಡ್ಡಪ್ಪ ಪರಶುರಾಮ್ ಎಕ್ಸ್‌ಪ್ರೆಸ್ಸಿಗೆ ಬರುತ್ತಾರೆ. ಚೆನ್ನೆಮಣೆ ಚೀಲದಲ್ಲಿ ಹಿಡಿಯುತ್ತದೆ. ದೊಡ್ಡದೊಂದು ಹಾಳೆಯನ್ನೂ ಕಟ್ಟಿಕೊಡುತ್ತೇನೆ ಅಂದರೆ, ರೈಲಿನಲ್ಲಿ ಜನ ಎಂತ ಹೇಳಿಯಾರು ಅಂತ ಗೊಣಗುತ್ತಿದ್ದಾರೆ. ನೀನೊಂದು ಫೋನ್ ಮಾಡಿ ಹೇಳು. ನಿನ್ನ ಮಾತಾದರೆ ಕೇಳುತ್ತಾರೆ.

ನಿನ್ನ ದೊಡ್ಡಮ್ಮ